ಕಂಟೇನರ್ ಲಾರಿಗೆ ಏರ್ ಡಿಫ್ಲೆಕ್ಟರ್ ಕಿಟ್: ಡೀಸೆಲ್ ಎಲ್ಲಿ ಉಳಿಯಿತು, ಎಲ್ಲಿ ಉಳಿಯಲಿಲ್ಲ

ಕ್ಯಾಬಿನ್ ತಲೆಯ ಮೇಲೆ ಕೂರಿಸಿ ಎದುರಿನ ಗಾಳಿಯನ್ನು ಮೇಲಕ್ಕೆ ತಿರುಗಿಸುವ ಫೈಬರ್ ಡಿಫ್ಲೆಕ್ಟರ್, ಕ್ಯಾಬಿನ್ನಿನ ಹಿಂಬದಿಯ ಎರಡೂ ಅಂಚುಗಳಿಗೆ ಹಾಕುವ ಪಕ್ಕದ ರೆಕ್ಕೆಗಳು, ಕಂಟೇನರ್ ಕೆಳಗೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಜಾಗವನ್ನು ಮುಚ್ಚುವ ಉದ್ದನೆಯ ಹಲಗೆಗಳು, ಇಷ್ಟೂ ಸೇರಿದ ಕಿಟ್ ಒಂದನ್ನು ನಮ್ಮ ಗಾಡಿಯೊಂದಕ್ಕೆ ಹಾಕಿಸಿ ಒಂದು ಮಳೆಗಾಲವನ್ನೂ ಒಂದು ಬೇಸಿಗೆಯನ್ನೂ ಕಳೆದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ಇದು ದೊಡ್ಡ ಕಂಪನಿಯ ಮಾಲಲ್ಲ. ಹೆದ್ದಾರಿ ಬೈಪಾಸ್ ಪಕ್ಕದಲ್ಲಿ ಲಾರಿ ಬಾಡಿ ಕಟ್ಟುವವರ ಸಾಲಿನಲ್ಲಿರುವ ಒಂದು ಶೆಡ್ಡಿನವರು ಅಚ್ಚು ಇಟ್ಟುಕೊಂಡು ಎರಕ ತೆಗೆದುಕೊಡುವ ಸಾಮಾನು. ಇಂಥ ಶೆಡ್ಡುಗಳು ನಾಮಕ್ಕಲ್‌ನಿಂದ ಪುಣೆಯವರೆಗೆ ಎಲ್ಲೆಡೆ ಇರುವುದರಿಂದಲೂ, ಒಬ್ಬರ ಅಚ್ಚಿಗೂ ಇನ್ನೊಬ್ಬರ ಅಚ್ಚಿಗೂ ಹೆಚ್ಚು ವ್ಯತ್ಯಾಸ ಇಲ್ಲದಿರುವುದರಿಂದಲೂ, ಅಂಗಡಿಯ ಹೆಸರಿಗಿಂತ ಸಾಮಾನಿನ ಗುಣದೋಷಗಳನ್ನು ಹೇಳುವುದೇ ಓದುಗರಿಗೆ ಉಪಯೋಗವೆಂದು ತೋರುತ್ತದೆ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಕ್ಯಾಬಿನ್ ಮೇಲಿನ ಡಿಫ್ಲೆಕ್ಟರ್ ಕೊಟ್ಟ ಹಣಕ್ಕೆ ಮೋಸವಿಲ್ಲ, ಆದರೆ ಅದನ್ನು ಸರಿಯಾದ ಎತ್ತರ ಮತ್ತು ಓರೆಗೆ ಕೂರಿಸಿದರೆ ಮಾತ್ರ. ಪಕ್ಕದ ರೆಕ್ಕೆಗಳು ಪರವಾಗಿಲ್ಲ. ಕೆಳಗಿನ ಹಲಗೆಗಳು ನಮ್ಮ ರಸ್ತೆಗೂ ನಮ್ಮ ಗೋದಾಮುಗಳ ಅಂಗಳಕ್ಕೂ ಒಗ್ಗುವಂಥವಲ್ಲ. ಮಾರುವವರು ಬಾಯಲ್ಲಿ ಹೇಳುವ ಶೇ 15ರ ಉಳಿತಾಯವಂತೂ ಯಾವ ಲೆಕ್ಕದಲ್ಲೂ ಹುಟ್ಟುವುದಿಲ್ಲ.

ಕಿಟ್ ಹಾಕಿಸಿದ್ದು 32 ಅಡಿಯ ಸಿಂಗಲ್ ಆಕ್ಸಲ್ (ಹಿಂದೆ ಒಂದೇ ಆಕ್ಸಲ್ ಇರುವ) ಕಂಟೇನರ್ ಗಾಡಿಗೆ. ಓಡಾಟ ಬಹುಪಾಲು ಹುಬ್ಬಳ್ಳಿ ಮತ್ತು ಬೆಂಗಳೂರಿನ ನಡುವೆ, ಬಾಡಿಗೆ ಸಿಕ್ಕಿದಾಗ ಬೆಳಗಾವಿ, ಕೊಲ್ಹಾಪುರ ದಾಟಿ ಪುಣೆಯವರೆಗೆ. ಪಾರ್ಸೆಲ್, ಬಿಸ್ಕತ್ತಿನ ಪೆಟ್ಟಿಗೆ, ಸಿದ್ಧ ಉಡುಪು, ಪ್ಲಾಸ್ಟಿಕ್ ಸಾಮಾನಿನಂತಹ, ತೂಕಕ್ಕಿಂತ ಮೊದಲು ಜಾಗ ತುಂಬಿಬಿಡುವ ಸರಕೇ ಇದರ ಹೊಟ್ಟೆಪಾಡು. ಏಳು ಟನ್ ಆಸುಪಾಸಿನ ಲೋಡ್ ಸೇರಿ ಗಾಡಿ 16 ಟನ್ ತೂಗುತ್ತದೆ ಎಂದಿಟ್ಟುಕೊಳ್ಳಬಹುದು. ಈ ಗಾಡಿಯ ಕ್ಯಾಬಿನ್ ತಗ್ಗು, ಕಂಟೇನರ್ ಪೆಟ್ಟಿಗೆ ಎತ್ತರ. ಕ್ಯಾಬಿನ್ ಛಾವಣಿಯ ಮೇಲೆ ಕಂಟೇನರಿನ ಮುಂಗೋಡೆ ಮೂರಡಿಯಷ್ಟು ಎದ್ದು ನಿಂತಿದೆ, ಎಂಟಡಿ ಅಗಲಕ್ಕೆ. ಎದುರಿನ ಗಾಳಿಯೆಲ್ಲ ಆ ಗೋಡೆಗೆ ಬಡಿಯುತ್ತದೆ. ಡಿಫ್ಲೆಕ್ಟರ್ ವಿಷಯ ಶುರುವಾಗುವುದೇ ಇಲ್ಲಿಂದ.

ಗಾಡಿ ಎಳೆಯಲು ಬೇಕಾಗುವ ಬಲವನ್ನು ಒಮ್ಮೆ ಲೆಕ್ಕ ಹಾಕಿ ನೋಡದೆ ಈ ಸಾಮಾನಿನ ಬೆಲೆ ಕಟ್ಟುವುದು ಕಷ್ಟ. ಸಮತಟ್ಟು ರಸ್ತೆಯಲ್ಲಿ ಸ್ಥಿರ ವೇಗದಲ್ಲಿ ಹೋಗುವಾಗ ಎಂಜಿನ್ನು ಎರಡು ತಡೆಗಳ ವಿರುದ್ಧ ದುಡಿಯುತ್ತದೆ: ಟೈರ್ ಉರುಳುವಾಗಿನ ತಡೆ ಮತ್ತು ಗಾಳಿಯ ತಡೆ. ಒಳ್ಳೆಯ ರೇಡಿಯಲ್ ಟೈರ್ ಇದ್ದರೆ 16 ಟನ್ ಗಾಡಿಗೆ ಮೊದಲನೆಯದು ಸುಮಾರು 110 ಕೆ.ಜಿ. ಭಾರ ಎತ್ತುವಷ್ಟು ಬಲ, ವೇಗ ಏರಿದರೂ ಇದು ಹೆಚ್ಚೇನೂ ಬದಲಾಗದು. ಗಾಳಿಯದು ಹಾಗಲ್ಲ. ಅದು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ನಮ್ಮ ಗಾಡಿಯಂತೆ ಒಂಬತ್ತು ಚದರ ಮೀಟರ್ ಮುಖವಿರುವ, ಮೂಲೆಗಳು ಚೂಪಾಗಿರುವ ಪೆಟ್ಟಿಗೆಗೆ, ಘಟ್ಟದ ಮೇಲಿನ ಬಯಲುಸೀಮೆಯ ತುಸು ತೆಳು ಗಾಳಿಯಲ್ಲಿ, ಗಂಟೆಗೆ 40 ಕಿ.ಮೀ. ವೇಗದಲ್ಲಿ ಗಾಳಿಯ ತಡೆ ಸುಮಾರು 50 ಕೆ.ಜಿ., 60ರಲ್ಲಿ 110 ಕೆ.ಜಿ., 80ರಲ್ಲಿ ಹೆಚ್ಚುಕಡಿಮೆ 200 ಕೆ.ಜಿ. ಅಂದರೆ 60ರಲ್ಲಿ ಟೈರು ಮತ್ತು ಗಾಳಿ ಸಮಪಾಲು ಡೀಸೆಲ್ ಕುಡಿಯುತ್ತವೆ; 80ಕ್ಕೆ ಮುಟ್ಟಿದ ಮೇಲೆ ಮೂರು ಪಾಲಿನಲ್ಲಿ ಎರಡು ಪಾಲು ಗಾಳಿಗೇ ಹೋಗುತ್ತದೆ.

ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 36 ಮೆಗಾಜೂಲ್ ಶಕ್ತಿ ಇರುತ್ತದೆ. ಅದರಲ್ಲಿ ಚಕ್ರಕ್ಕೆ ಮುಟ್ಟುವುದು ಮೂರರಲ್ಲೊಂದು ಪಾಲಿಗಿಂತ ಸ್ವಲ್ಪ ಹೆಚ್ಚು ಮಾತ್ರ. ಮೇಲಿನ ಅಂಕಿಗಳಿಗೆ ಇದನ್ನು ಹಚ್ಚಿದರೆ, 60ರ ಸ್ಥಿರ ವೇಗದಲ್ಲಿ ಲೀಟರಿಗೆ 6 ಕಿ.ಮೀ., 80ರಲ್ಲಿ 4.3 ಕಿ.ಮೀ. ಆಸುಪಾಸು ಬರಬೇಕು. ಲಾರಿ ಓಡಿಸುವವರಿಗೆ ಈ ಅಂಕಿಗಳು ಹೊಸವೆನಿಸಲಾರವು. ಬಂಕಿನ ಚೀಟಿಗಳೂ ಇದನ್ನೇ ಹೇಳುತ್ತವೆ.

ಈಗ ಡಿಫ್ಲೆಕ್ಟರ್ ಗಾಳಿಯ ತಡೆಯನ್ನು ಶೇ 12ರಷ್ಟು ಇಳಿಸುತ್ತದೆ ಎಂದಿಟ್ಟುಕೊಳ್ಳೋಣ. 80ರಲ್ಲಿ 200 ಕೆ.ಜಿ.ಯಲ್ಲಿ 24 ಕೆ.ಜಿ. ಕಡಿಮೆಯಾಯಿತು, ಆದರೆ ಗಾಡಿ ಎಳೆಯಲು ಒಟ್ಟು ಬೇಕಿದ್ದದ್ದು 310 ಕೆ.ಜಿ. ಆದ್ದರಿಂದ ಡೀಸೆಲ್ ಉಳಿತಾಯ ಶೇ 8ಕ್ಕೂ ಸ್ವಲ್ಪ ಕಡಿಮೆ. 60ರಲ್ಲಿ ಅದೇ ಡಿಫ್ಲೆಕ್ಟರ್ ಶೇ 6 ಕೊಡುತ್ತದೆ, 40ರಲ್ಲಿ ಶೇ 4ಕ್ಕೂ ಕಡಿಮೆ. ಇದರ ಮೇಲೆ ಟೋಲ್ ಸಾಲು, ಊರೊಳಗಿನ ಹಂಪುಗಳು, ಘಾಟಿಯ ಏರು, ಗೋದಾಮಿನ ಮುಂದೆ ಎಂಜಿನ್ ಆರಿಸದೆ ಕಾಯುವುದು, ಇವೆಲ್ಲ ಸೇರಿದಾಗ ಅದು ಇನ್ನಷ್ಟು ಇಳಿಯುತ್ತದೆ. ಮಾರುವವರು ಮಾಡುವ ಜಾಣತನವೆಂದರೆ ಗಾಳಿಯ ತಡೆಯ ಶೇಕಡಾವಾರನ್ನೇ ಡೀಸೆಲ್ಲಿನ ಶೇಕಡಾವಾರು ಎನ್ನುವಂತೆ ಹೇಳುವುದು. ನನಗೆ ತೋರಿಸಿದ ಕರಪತ್ರದಲ್ಲಿಯೂ ಹಾಗೆಯೇ ಇತ್ತು. ಬೆಲೆ ಮಾತಾಡುವ ಮುಂಚೆ ಈ ಎರಡನ್ನೂ ಬೇರೆ ಮಾಡಿ ಕೇಳುವುದು ಒಳ್ಳೆಯದು.

ಡಿಫ್ಲೆಕ್ಟರ್ ಎನ್ನುವುದು ಹೊಸ ವಿದ್ಯೆಯೇನೂ ಅಲ್ಲ. ಅಮೆರಿಕದಲ್ಲಿ 1960ರ ದಶಕದಲ್ಲೇ ಕ್ಯಾಬಿನ್ ಮೇಲಿನ ಬಾಗಿದ ತಗಡುಗಳು ಮಾರುಕಟ್ಟೆಗೆ ಬಂದಿದ್ದವು. ಅಲ್ಲಿನ ಕ್ಯಾಲಿಫೋರ್ನಿಯಾದಲ್ಲಿ ನಾಸಾದ ಡ್ರೈಡನ್ ಕೇಂದ್ರದಲ್ಲಿದ್ದ ಎಂಜಿನಿಯರ್ ಎಡ್ವಿನ್ ಸಾಲ್ಟ್ಸ್‌ಮನ್, ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗುವಾಗ ಪಕ್ಕದಲ್ಲಿ ಹಾದುಹೋಗುವ ಲಾರಿಗಳು ಮೊದಲು ತಳ್ಳಿ ಆಮೇಲೆ ಸೆಳೆದುಕೊಳ್ಳುವುದನ್ನು ಗಮನಿಸಿದರು. 1970ರ ದಶಕದ ಆರಂಭದಲ್ಲಿ ಅವರ ತಂಡ ಹಳೆಯ ಫೋರ್ಡ್ ವ್ಯಾನೊಂದಕ್ಕೆ ಸುತ್ತಲೂ ಅಲ್ಯೂಮಿನಿಯಂ ತಗಡು ಹೊದಿಸಿ, ಎಲ್ಲ ಮೂಲೆಗಳೂ ಚೂಪಾಗಿರುವ ಪೆಟ್ಟಿಗೆಯನ್ನಾಗಿ ಮಾಡಿ ಪರೀಕ್ಷೆಗೆ ತೊಡಗಿತು. ಲಂಬವಾದ ಮೂಲೆಗಳನ್ನು ಮಾತ್ರ ದುಂಡಗೆ ಮಾಡಿದಾಗ ಗಾಳಿಯ ತಡೆ ಶೇ 40ರಷ್ಟು, ಅಡ್ಡ ಅಂಚುಗಳನ್ನೂ ದುಂಡಗೆ ಮಾಡಿದಾಗ ಶೇ 54ರಷ್ಟು ಇಳಿಯಿತು. ಒಳಗಿನ ಜಾಗ ಕಳೆದುಕೊಂಡದ್ದು ಕೆಲವೇ ಶೇಕಡ. ನಮ್ಮ ಕಂಟೇನರುಗಳ ಮುಂಗೋಡೆಯ ಅಂಚಿನಲ್ಲಿ ಇವತ್ತಿಗೂ ಕಬ್ಬಿಣದ ಆಂಗಲ್ ಪಟ್ಟಿಯ ಚೂಪು ಮೂಲೆಯೇ ಇದೆ. ಬಾಡಿ ಕಟ್ಟಿಸುವಾಗಲೇ ಅಂಗೈ ಅಗಲದಷ್ಟು ದುಂಡಗಿನ ಅಂಚು ಹಾಕಿಸಿದ್ದರೆ ಆಮೇಲೆ ಫೈಬರಿಗೆ ಕೊಡುವ ಹಣದಲ್ಲಿ ಒಂದು ಪಾಲು ಮಿಕ್ಕುತ್ತಿತ್ತೆಂದು ನನ್ನ ಅಭಿಪ್ರಾಯ. ಆದರೆ ಆಂಗಲ್ ಅಗ್ಗ, ವೆಲ್ಡಿಂಗ್ ಸುಲಭ, ಕೇಳುವವರೂ ಇಲ್ಲ.

ಇನ್ನು ಸಾಮಾನಿನ ಗುಣಮಟ್ಟ. ಡಿಫ್ಲೆಕ್ಟರಿನ ಫೈಬರ್ ಗಟ್ಟಿಯಾಗಿದೆ. ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು ಬರುವುದಿಲ್ಲ, ಅಂಚಿನಲ್ಲಿ ಕತ್ತರಿಸಿದ ಗುರುತನ್ನು ನೋಡಿದರೆ ಗಾಜಿನ ನೂಲಿನ ಪದರಗಳು ಸಮನಾಗಿ ಕೂತಿರುವುದು ಕಾಣುತ್ತದೆ. ಹೊರಮೈಯ ಬಣ್ಣದ ಪದರ ಒಂದು ಬೇಸಿಗೆಯ ಬಿಸಿಲಿಗೆ ಸ್ವಲ್ಪ ಮಂಕಾಗಿದೆ, ಬಿರುಕು ಬಿಟ್ಟಿಲ್ಲ. ಒಳಬದಿಯಲ್ಲಿ ಉದ್ದಕ್ಕೂ ಎರಡು ಏಣುಗಳನ್ನು ಕೊಟ್ಟಿದ್ದಾರೆ. ಇವು ಇಲ್ಲದ ಅಗ್ಗದ ಮಾಲು ವೇಗದಲ್ಲಿ ಒಳಕ್ಕೆ ಬಗ್ಗಿ ಪಟಪಟ ಬಡಿಯುತ್ತದೆ ಎಂದು ಬೇರೆ ಗಾಡಿಯವರು ಹೇಳಿದ್ದನ್ನು ಕೇಳಿದ್ದೇನೆ. ಬ್ರಾಕೆಟ್ಟುಗಳು ಮಾತ್ರ ಸಾಧಾರಣ. ಬಣ್ಣ ಬಳಿದ ಮೈಲ್ಡ್ ಸ್ಟೀಲ್, ಮೊದಲ ಮಳೆಗಾಲಕ್ಕೇ ಬೋಲ್ಟ್ ತೂತಿನ ಸುತ್ತ ತುಕ್ಕು ತೋರಿಸಿತು. ಕ್ಯಾಬಿನ್ ಛಾವಣಿಗೆ ತೂತು ಕೊರೆಯಬೇಕಾಗುವುದರಿಂದ ಅಲ್ಲಿ ಹಾಕುವ ರಬ್ಬರ್ ವಾಷರ್ ಮತ್ತು ಸೀಲಂಟ್ ವಿಷಯದಲ್ಲಿ ಮಾಲೀಕರೇ ಮುಂದೆ ನಿಂತು ಮಾಡಿಸಿಕೊಳ್ಳುವುದು ಲೇಸು. ನಮ್ಮ ಗಾಡಿಯಲ್ಲಿ ಒಂದು ತೂತಿನಿಂದ ನೀರು ಜಿನುಗಿ ಚಾಲಕ ಮಲಗುವ ಬರ್ತಿನ ಹಾಸಿಗೆ ಒದ್ದೆಯಾಯಿತು. ಶೆಡ್ಡಿನವರು ಮರುಮಾತಿಲ್ಲದೆ ಬಿಚ್ಚಿ ಸರಿ ಮಾಡಿಕೊಟ್ಟರು. ಎಂಜಿನ್ ಕೆಲಸಕ್ಕೆಂದು ಕ್ಯಾಬಿನ್ ಮುಂದಕ್ಕೆ ಬಾಗಿಸುವಾಗ ಪಂಪು ಹೊಡೆಯಲು ಸ್ವಲ್ಪ ಹೆಚ್ಚು ಬಲ ಬೇಕಾಗುತ್ತದೆ, ಗ್ಯಾರೇಜಿನ ಛಾವಣಿ ತಗ್ಗಾಗಿದ್ದರೆ ಗಾಡಿಯನ್ನು ಹೊರಗೆ ನಿಲ್ಲಿಸಬೇಕಾಗುತ್ತದೆ. ಇವು ದೊಡ್ಡ ತೊಂದರೆಗಳಲ್ಲ.

ದೊಡ್ಡ ತೊಂದರೆ ಇದ್ದದ್ದು ಕೂರಿಸುವ ಕ್ರಮದಲ್ಲಿ. ಶೆಡ್ಡಿನವರ ಬಳಿ ಇರುವುದು ಒಂದೇ ಅಳತೆಯ ಬ್ರಾಕೆಟ್. ಕ್ಯಾಬಿನ್ ಯಾವುದೇ ಇರಲಿ, ಪೆಟ್ಟಿಗೆ ಎಷ್ಟೇ ಎತ್ತರವಿರಲಿ, ಕ್ಯಾಬಿನ್ನಿಗೂ ಪೆಟ್ಟಿಗೆಗೂ ನಡುವಿನ ಸಂದು ಎಷ್ಟೇ ಇರಲಿ, ಡಿಫ್ಲೆಕ್ಟರ್ ನಿಲ್ಲುವ ಓರೆ ಮಾತ್ರ ಒಂದೇ. ಡಿಫ್ಲೆಕ್ಟರಿನ ಕೆಲಸವಾದರೋ ಎದುರಿನ ಗಾಳಿಯನ್ನು ಕ್ಯಾಬಿನ್ ತಲೆಯ ಮೇಲಿಂದ ಮೆಲ್ಲಗೆ ಎತ್ತಿ, ಪೆಟ್ಟಿಗೆಯ ಮೇಲಂಚಿನ ಪಕ್ಕದಲ್ಲೇ, ಅದಕ್ಕೆ ಬಡಿಯದಂತೆ ಮತ್ತು ಅದರಿಂದ ದೂರ ಸರಿಯದಂತೆ, ಛಾವಣಿಯ ಮೇಲೆ ಬಿಡುವುದು. ಓರೆ ತಗ್ಗಾದರೆ ಗಾಳಿ ಇನ್ನೂ ಮುಂಗೋಡೆಗೆ ಬಡಿಯುತ್ತದೆ. ಹೆಚ್ಚಾದರೆ ಡಿಫ್ಲೆಕ್ಟರೇ ಇನ್ನೊಂದು ಗೋಡೆಯಾಗಿ ನಿಂತು, ಅದರ ಹಿಂದೆ ಸುಳಿ ಎದ್ದು, ಉಳಿಸಬೇಕಾದದ್ದನ್ನು ತಾನೇ ತಿನ್ನುತ್ತದೆ. ಹಣ ಕೊಡುವ ಮುಂಚೆ ಶೆಡ್ಡಿನಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಆದ್ದರಿಂದ ಇದು: ಓರೆಯನ್ನು ಬದಲಿಸಲು ಬರುತ್ತದೆಯೇ, ಇಲ್ಲವೇ?

ಗಾಳಿ ಎಲ್ಲಿ ಬಡಿಯುತ್ತಿದೆ ಎಂದು ತಿಳಿಯಲು ಯಾವ ಯಂತ್ರವೂ ಬೇಕಿಲ್ಲ. ಮಳೆಗಾಲದ ರಾತ್ರಿ ಹಾವೇರಿ, ರಾಣೆಬೆನ್ನೂರು ಕಡೆಯ ಹೊಲಗಳ ನಡುವೆ ಹಾದು ಬಂದ ಗಾಡಿಯ ಮುಂಗೋಡೆಯನ್ನು ಬೆಳಿಗ್ಗೆ ನೋಡಿದರೆ ಸಾಕು, ಹುಳಗಳು ಬಡಿದು ಸತ್ತ ಕಲೆಗಳು ಗಾಳಿಯ ನಕ್ಷೆಯನ್ನು ತಾವೇ ಬರೆದಿರುತ್ತವೆ. ಡಿಫ್ಲೆಕ್ಟರ್ ಹಾಕುವ ಮುಂಚೆ ಮುಂಗೋಡೆಯ ಮೇಲ್ಭಾಗವೆಲ್ಲ ಕಲೆಯಾಗಿರುತ್ತಿತ್ತು. ಶೆಡ್ಡಿನವರು ಕೂರಿಸಿಕೊಟ್ಟ ಮೇಲೆ ನಡುಭಾಗ ಸ್ವಚ್ಛವಾಯಿತು, ಆದರೆ ಮೇಲಂಚಿನಿಂದ ಕೆಳಕ್ಕೆ ಗೇಣುದ್ದದ ಪಟ್ಟಿಯೊಂದು, ಎಂಟಡಿ ಅಗಲಕ್ಕೂ, ಮೊದಲಿನಷ್ಟೇ ಕೊಳಕಾಗಿ ಉಳಿಯಿತು. ಅಂದರೆ ಗಾಳಿ ಪೆಟ್ಟಿಗೆಯ ನೆತ್ತಿಯನ್ನು ದಾಟದೆ ಗೇಣು ಕೆಳಗೆ ಬಂದು ಹೊಡೆಯುತ್ತಿತ್ತು. ಪಕ್ಕದ ವೆಲ್ಡಿಂಗ್ ಅಂಗಡಿಯಲ್ಲಿ ಉದ್ದ ತೂತು ಇರುವ ಬ್ರಾಕೆಟ್ ಮಾಡಿಸಿ, ಹಿಂದಿನ ಕಾಲುಗಳನ್ನು ಸ್ವಲ್ಪ ಸ್ವಲ್ಪವೇ ಎತ್ತುತ್ತ ಬಂದೆವು. ಮೇಲಂಚಿನ ಉದ್ದಕ್ಕೂ ಗೇಣುದ್ದದ ಉಣ್ಣೆಯ ದಾರಗಳನ್ನು ಟೇಪಿನಿಂದ ಅಂಟಿಸಿ, ಬೆಳಗಿನ ಜಾವ ರಸ್ತೆ ಖಾಲಿ ಇರುವಾಗ ಪಕ್ಕದ ಲೇನಿನಲ್ಲಿ ಕಾರಿನಿಂದ ವೀಡಿಯೊ ತೆಗೆಸಿದಾಗ ವಿಷಯ ಇನ್ನೂ ಸ್ಪಷ್ಟವಾಯಿತು: ಓರೆ ಸರಿಯಿಲ್ಲದಾಗ ದಾರಗಳು ಗಿರಗಿರ ತಿರುಗಿ ಕೆಲವು ಮುಂದಕ್ಕೇ ಮಡಿಚಿಕೊಳ್ಳುತ್ತವೆ, ಸರಿಯಾದಾಗ ಛಾವಣಿಗೆ ಅಂಟಿದಂತೆ ಹಿಂದಕ್ಕೆ ಮಲಗುತ್ತವೆ. ಕೊನೆಗೆ ಹುಳದ ಕಲೆ ಉಳಿದದ್ದು ಎರಡು ಮೇಲಿನ ಮೂಲೆಗಳಲ್ಲಿ ಮಾತ್ರ. ಡಿಫ್ಲೆಕ್ಟರ್ ಪೆಟ್ಟಿಗೆಯಷ್ಟು ಅಗಲವಿಲ್ಲದ ಕಾರಣ ಅಲ್ಲಿ ಮಾಡುವಂಥದ್ದೇನಿಲ್ಲ.

ಉಳಿತಾಯ ಅಳೆಯುವುದು ಎಲ್ಲಕ್ಕಿಂತ ಕಷ್ಟದ ಕೆಲಸ, ಮತ್ತು ಹೆಚ್ಚಿನವರು ತಪ್ಪುವುದೂ ಇಲ್ಲಿಯೇ. ಹಾಕಿಸುವ ಮುಂಚಿನ ತಿಂಗಳಿಗೂ ಹಾಕಿಸಿದ ಮುಂದಿನ ತಿಂಗಳಿಗೂ ಹೋಲಿಸಿದರೆ ಏನೂ ತಿಳಿಯುವುದಿಲ್ಲ, ಏಕೆಂದರೆ ಋತು ಬದಲಾಗಿರುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಹಿರಿಯೂರು, ಚಿತ್ರದುರ್ಗದ ಬಯಲಿನಲ್ಲಿ ಪಡುವಣ ಗಾಳಿ ಹೇಗೆ ಬೀಸುತ್ತದೆಂದು ಅಲ್ಲಿನ ಗುಡ್ಡಗಳ ಮೇಲೆ ಸಾಲಾಗಿ ನಿಂತಿರುವ ಗಾಳಿಯಂತ್ರಗಳೇ ಹೇಳುತ್ತವೆ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಬರುವ ಗಾಡಿಗೆ ಅದು ಎಡಮುಂಭಾಗದಿಂದ ಎದುರಾಗುತ್ತದೆ. 70ರಲ್ಲಿ ಹೋಗುವ ಗಾಡಿಗೆ ಗಂಟೆಗೆ 20 ಕಿ.ಮೀ. ಎದುರುಗಾಳಿ ಸಿಕ್ಕಿದರೆ ಗಾಳಿಯ ತಡೆ ಶೇ 65ರಷ್ಟು ಏರುತ್ತದೆ. ಅದರ ಮುಂದೆ ಡಿಫ್ಲೆಕ್ಟರ್ ಕೊಡುವ ಶೇ 12 ಕಾಣಿಸುವುದೇ ಇಲ್ಲ. ಆದ್ದರಿಂದ ಅದೇ ಮಾದರಿಯ ನಮ್ಮ ಇನ್ನೊಂದು ಗಾಡಿಯನ್ನು, ಡಿಫ್ಲೆಕ್ಟರ್ ಇಲ್ಲದ್ದನ್ನು, ಹತ್ತಿರಹತ್ತಿರ ಅದೇ ತೂಕದ ಲೋಡಿನಲ್ಲಿ ಅದೇ ಹೊತ್ತಿಗೆ ಅದೇ ರಸ್ತೆಯಲ್ಲಿ ಬಿಟ್ಟು, ಒಂದೇ ಬಂಕಿನಲ್ಲಿ ಟ್ಯಾಂಕ್ ಫುಲ್ ಮಾಡಿಸಿ ಲೆಕ್ಕ ಇಟ್ಟೆವು. ನಡುವೆ ಚಾಲಕರನ್ನೂ ಅದಲುಬದಲು ಮಾಡಿದೆವು. ಹೀಗೆ ನೋಡಿದಾಗ ಡಿಫ್ಲೆಕ್ಟರ್ ಇರುವ ಗಾಡಿ, ಓರೆ ಸರಿಪಡಿಸಿದ ಮೇಲೆ, ಲೋಡಿನಲ್ಲಿ ಲೀಟರಿಗೆ ಕಾಲು ಕಿ.ಮೀ. ಆಸುಪಾಸು ಹೆಚ್ಚು ಕೊಟ್ಟಿತು: ಐದೂವರೆ ಇದ್ದದ್ದು ಐದೂಮುಕ್ಕಾಲಿನ ಹತ್ತಿರ. ಇದು ಶೇ 4ರಿಂದ 5. ಓರೆ ಸರಿಪಡಿಸುವ ಮುಂಚಿನ ಫಲ ಎಷ್ಟು ಕಡಿಮೆಯಿತ್ತೆಂದರೆ ಅದನ್ನು ಬಂಕಿನ ನಾಜಲ್ಲಿನ ಹೆಚ್ಚುಕಡಿಮೆಯಿಂದ ಬೇರ್ಪಡಿಸಲಾಗಲಿಲ್ಲ.

ತಿಂಗಳಿಗೆ 8,000 ಕಿ.ಮೀ. ಓಡುವ ಗಾಡಿಗೆ ಈ ಕಾಲು ಕಿ.ಮೀ. ಎಂದರೆ 60 ಲೀಟರಿನ ಉಳಿತಾಯ. ಕರ್ನಾಟಕದಲ್ಲಿ 2025ರ ಏಪ್ರಿಲ್‌ನಲ್ಲಿ ಮಾರಾಟ ತೆರಿಗೆ ಏರಿದ ಮೇಲೆ ಬೆಂಗಳೂರಿನ ಡೀಸೆಲ್ ಬೆಲೆ 91 ರೂಪಾಯಿಗೆ ಮುಟ್ಟಿತ್ತು. ಆ ದರದಲ್ಲಿ ತಿಂಗಳಿಗೆ ಐದು ಸಾವಿರ ರೂಪಾಯಿಗೂ ಮೇಲೆ. ಡಿಫ್ಲೆಕ್ಟರಿಗೆ ಜೋಡಣೆ ಸೇರಿ ನಾವು ಕೊಟ್ಟದ್ದು 20 ಸಾವಿರದೊಳಗೆ. ನಾಲ್ಕೈದು ತಿಂಗಳಲ್ಲಿ ಅಸಲು ಕೈಸೇರಿತು ಎನ್ನಬಹುದು. ಲಾರಿ ವ್ಯವಹಾರದಲ್ಲಿ ಇಷ್ಟು ಬೇಗ ಹಣ ಹಿಂದಿರುಗಿಸುವ ಖರ್ಚು ಬೇರೆ ಯಾವುದಿದೆ ಎಂದು ಯೋಚಿಸಿದರೆ ನನಗೆ ಹೊಳೆಯುವುದು ಟೈರಿನ ಗಾಳಿ ಸರಿಯಾಗಿ ನೋಡಿಕೊಳ್ಳುವುದೊಂದೇ, ಅದಕ್ಕಂತೂ ಖರ್ಚೇ ಇಲ್ಲ.

ಚಾಲಕರಿಗೆ ಈ ಸಾಮಾನು ಮೊದಲಿಗೆ ಹಿಡಿಸಲಿಲ್ಲ. ಕ್ಯಾಬಿನ್ ಮೇಲೆ ಕ್ಯಾರಿಯರ್ ಇತ್ತು. ಅದರಲ್ಲಿ ಹಗ್ಗ, ಹಳೆಯ ತಾಡಪಾಲು, ನೀರಿನ ಕ್ಯಾನು, ಸ್ಟವ್ವು, ಪಾತ್ರೆಯ ಚೀಲ ಎಲ್ಲ ಇರುತ್ತಿದ್ದವು. ಡಿಫ್ಲೆಕ್ಟರ್ ಬಂದು ಕ್ಯಾರಿಯರ್ ಹೋಯಿತು, ಮನೆದೇವರ ಹೆಸರಿನ ಬೋರ್ಡೂ ಇಳಿಯಿತು. ಹೆಸರನ್ನು ಡಿಫ್ಲೆಕ್ಟರಿನ ಮೇಲೆಯೇ ಬರೆಸಿಕೊಟ್ಟೆವು, ಸಾಮಾನಿಗೆ ಚಾಸಿಯ ಪಕ್ಕದಲ್ಲಿ ತಗಡಿನ ಪೆಟ್ಟಿಗೆ ಮಾಡಿಸಿಕೊಟ್ಟೆವು. ಈ ಪೆಟ್ಟಿಗೆಯ ಖರ್ಚನ್ನೂ ಡಿಫ್ಲೆಕ್ಟರಿನ ಲೆಕ್ಕಕ್ಕೇ ಸೇರಿಸುವುದು ನ್ಯಾಯ. ನಿಜ ಹೇಳಬೇಕೆಂದರೆ ಆ ಕ್ಯಾರಿಯರೂ ಬೋರ್ಡೂ ಗಾಳಿಗೆ ಅಡ್ಡ ನಿಂತ ಸಾಮಾನುಗಳೇ ಆಗಿದ್ದವು, ಉಳಿತಾಯದಲ್ಲಿ ಅವು ಹೋದದ್ದರ ಪಾಲೂ ಸ್ವಲ್ಪ ಇದ್ದೀತು. ಈಗ ಚಾಲಕರು ಹೊಗಳುವುದು ಡೀಸೆಲ್ಲಿನ ವಿಷಯಕ್ಕಲ್ಲ. ಎದುರುಗಾಳಿಯಲ್ಲಿ ಟಾಪ್ ಗೇರಿನಿಂದ ಇಳಿಸುವ ಸಂದರ್ಭ ಕಡಿಮೆಯಾಗಿದೆ, ತಲೆಯ ಹಿಂದಿನ ಮೊರೆತ ತಗ್ಗಿದೆ ಎಂಬುದೇ ಅವರ ಮೆಚ್ಚುಗೆ.

ಕ್ಯಾಬಿನ್ ಹಿಂದಿನ ಪಕ್ಕದ ರೆಕ್ಕೆಗಳು ಕ್ಯಾಬಿನ್ನಿಗೂ ಪೆಟ್ಟಿಗೆಗೂ ನಡುವಿನ ಸಂದಿಯನ್ನು ಅರ್ಧ ಮುಚ್ಚುತ್ತವೆ. ಪಕ್ಕದಿಂದ ಗಾಳಿ ಬೀಸುವಾಗ ಆ ಸಂದಿಗೆ ನುಗ್ಗಿ ಪೆಟ್ಟಿಗೆಯ ಮುಂಗೋಡೆಗೆ ಬಡಿಯುವುದನ್ನು ಇವು ತಡೆಯಬೇಕು. ನಮ್ಮ ಗಾಡಿಯಲ್ಲಿ ಸಂದು ಮೊದಲೇ ಕಿರಿದಾಗಿರುವುದರಿಂದ ಇವುಗಳ ಲಾಭವನ್ನು ಬೇರೆಯಾಗಿ ಅಳೆಯಲು ಬರಲಿಲ್ಲ. ಟ್ರೇಲರ್ ಎಳೆಯುವ ಟ್ರ್ಯಾಕ್ಟರ್ ಲಾರಿಗಳಲ್ಲಿ, ತಿರುವಿಗೆಂದು ಸಂದು ಅಗಲವಾಗಿ ಬಿಟ್ಟಿರುವ ಕಡೆ, ಇವುಗಳಿಗೆ ಹೆಚ್ಚು ಅರ್ಥವಿದೆ. ಹಿಂದಿನ ಅಂಚಿಗೆ ರಬ್ಬರ್ ಪಟ್ಟಿ ಇರುವುದನ್ನೇ ಆರಿಸಿಕೊಳ್ಳಬೇಕು.

ಕೆಳಗಿನ ಹಲಗೆಗಳ ಬಗ್ಗೆ ನನಗೆ ಬಹಳ ನಿರೀಕ್ಷೆಯಿತ್ತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಸ್ಮಾರ್ಟ್‌ವೇ ಕಾರ್ಯಕ್ರಮದಲ್ಲಿ 53 ಅಡಿ ಟ್ರೇಲರುಗಳ ಇಂಥ ಹಲಗೆಗಳಿಗೆ ಶೇ 4ರಿಂದ 5ರಷ್ಟು ಇಂಧನ ಉಳಿತಾಯದ ಮಾನ್ಯತೆ ಇದೆ. ಆದರೆ ಅಲ್ಲಿನ ಗಾಡಿಗಳು ಗಂಟೆಗೆ ನೂರು ಕಿ.ಮೀ. ವೇಗದಲ್ಲಿ ದಿನವಿಡೀ ಸಾಗುವಂಥವು. ಟ್ರೇಲರ್ ಕೆಳಗಿನ ಖಾಲಿ ಜಾಗವೂ ನಮ್ಮ 32 ಅಡಿ ಗಾಡಿಗಿಂತ ಬಹಳ ಉದ್ದ. ನಮ್ಮಲ್ಲಿ ಸರಕು ವಾಹನಕ್ಕೆ ನಾಲ್ಕು ಪಥದ ಹೆದ್ದಾರಿಯಲ್ಲಿಯೂ 80ರ ಮಿತಿ, ಇತರ ರಸ್ತೆಗಳಲ್ಲಿ 60. ಗಾಡಿಯ ಕೆಳಗೆ ಸೈಡ್ ಗಾರ್ಡ್, ಡೀಸೆಲ್ ಟ್ಯಾಂಕ್, ಬ್ಯಾಟರಿ ಪೆಟ್ಟಿಗೆ, ಸ್ಟೆಪ್ನಿ ಸೇರಿ ಮೊದಲೇ ಅರ್ಧ ಜಾಗ ತುಂಬಿದೆ. ಹಲಗೆಗಳಿದ್ದಾಗಲೂ ಬಿಚ್ಚಿದ ಮೇಲೂ ಎರಡು ಗಾಡಿಗಳ ಮೈಲೇಜಿನ ಅಂತರದಲ್ಲಿ ನನಗೆ ವ್ಯತ್ಯಾಸ ಕಾಣಲಿಲ್ಲ.

ತೊಂದರೆಗಳು ಮಾತ್ರ ಚೆನ್ನಾಗಿಯೇ ಕಂಡವು. ಗೋದಾಮಿನ ಅಂಗಳಕ್ಕೆ ಇಳಿಯುವ ಇಳಿಜಾರಿನಲ್ಲಿ ಹಲಗೆಯ ಕೆಳಂಚು ನೆಲಕ್ಕೆ ಒರೆಸಿ ಫೈಬರ್ ಎಳೆಎಳೆಯಾಗಿ ಬಿಚ್ಚಿಕೊಂಡಿತು. ಊರ ಮುಂದಿನ ಎತ್ತರದ ಹಂಪುಗಳು ಮಿಕ್ಕ ಕೆಲಸ ಮುಗಿಸಿದವು. ಸಂಪೂರ್ಣ ಮುಚ್ಚಿದ ಪಕ್ಕದಿಂದಾಗಿ ಕ್ಲೀನರ್ ಟೈರಿಗೆ ಸುತ್ತಿಗೆ ಬಡಿದು ಸದ್ದು ಕೇಳುವುದಕ್ಕೆ, ಏರ್ ಪೈಪಿನ ಸೋರಿಕೆ ಹುಡುಕುವುದಕ್ಕೆ, ಸ್ಟೆಪ್ನಿ ಇಳಿಸುವುದಕ್ಕೆ ಪ್ರತಿಸಲವೂ ಬೋಲ್ಟ್ ಬಿಚ್ಚಬೇಕು. ನಿಪ್ಪಾಣಿಯ ಹತ್ತಿರದ ತವಂದಿ ಘಾಟಿಯಲ್ಲೋ ಸಾತಾರಾ ದಾಟಿದ ಮೇಲಿನ ಖಂಬಾಟಕಿ ಘಾಟಿಯಲ್ಲೋ ಮಳೆಯಲ್ಲಿ ಹತ್ತಿ ಇಳಿದು ಬಂದರೆ ಹಲಗೆಯ ಒಳಬದಿಗೆ ಕೆಸರು ಅಂಟಿ ಒಣಗಿ ಕೆ.ಜಿ.ಗಟ್ಟಲೆ ಭಾರವಾಗುತ್ತದೆ. ಕೆಳಗಿನ ಒಂದಡಿಗೆ ಫೈಬರ್ ಬದಲು ಬಗ್ಗುವ ರಬ್ಬರ್ ಹಾಕಿ, ನಡುವೆ ಕೀಲಿರುವ ಬಾಗಿಲು ಕೊಟ್ಟಿದ್ದರೆ ಮಾತು ಬೇರೆಯಾಗುತ್ತಿತ್ತೇನೋ. ಈಗಿರುವ ರೂಪದಲ್ಲಿ ಇದಕ್ಕೆ ಕೊಟ್ಟ ಹಣ ಡಿಫ್ಲೆಕ್ಟರಿಗೆ ಕೊಟ್ಟದ್ದಕ್ಕಿಂತ ಹೆಚ್ಚು ಎಂಬುದೇ ಬೇಸರದ ಸಂಗತಿ.

ಶೆಡ್ಡಿನವರು ಪೆಟ್ಟಿಗೆಯ ಹಿಂಭಾಗಕ್ಕೂ ಒಳಕ್ಕೆ ಬಾಗಿದ ರೆಕ್ಕೆಗಳನ್ನು ತೋರಿಸಿದರು. ಹಿಂದೆ ಉಂಟಾಗುವ ಗಾಳಿಯ ಸೆಳೆತ ದೊಡ್ಡದೇ, ತತ್ವ ಸರಿಯೇ. ಆದರೆ ಟ್ರೇಲರ್ ಇಲ್ಲದ ಬಿಡಿಚಾಸಿಯ ಲಾರಿಗೆ ನಿಯಮದಂತೆ ಒಟ್ಟು ಉದ್ದ 12 ಮೀಟರ್ ಮೀರುವಂತಿಲ್ಲ. 32 ಅಡಿ ಎಂದರೆ ಪೆಟ್ಟಿಗೆಯೇ 9.75 ಮೀಟರ್, ಕ್ಯಾಬಿನ್ ಸೇರಿದರೆ ಮಿತಿಯ ಅಂಚಿಗೆ ಬಂದು ನಿಂತಿರುತ್ತದೆ. ಬಾಲ ಕಟ್ಟಲು ಅಲ್ಲಿ ಜಾಗವೇ ಇಲ್ಲ, ಗೋದಾಮಿನ ಪ್ಲಾಟ್‌ಫಾರ್ಮಿಗೆ ಹಿಮ್ಮುಖವಾಗಿ ಒತ್ತುವಾಗ ಅದು ಉಳಿಯುವುದೂ ಇಲ್ಲ.

ನಿಯಮದ ಮಾತು ಬಂದದ್ದರಿಂದ ಎತ್ತರದ ವಿಷಯವನ್ನೂ ಹೇಳಬೇಕು. ಸರಕು ವಾಹನದ ಎತ್ತರದ ಮಿತಿ 2020ರ ತಿದ್ದುಪಡಿಯಲ್ಲಿ 3.8 ಮೀಟರ್‌ನಿಂದ 4 ಮೀಟರ್‌ಗೆ ಏರಿತು. ಡಿಫ್ಲೆಕ್ಟರ್ ಪೆಟ್ಟಿಗೆಯ ಎತ್ತರವನ್ನು ದಾಟದಿರುವವರೆಗೆ ಇದು ತಲೆನೋವಲ್ಲ, ಮತ್ತು ಓರೆ ಸರಿಯಿದ್ದರೆ ದಾಟುವ ಅಗತ್ಯವೂ ಬೀಳುವುದಿಲ್ಲ. ಆದರೂ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯ ಮಾರ್ಪಾಟಿಗೆ ಕಡಿವಾಣ ಹಾಕಿರುವುದರಿಂದ, ಎಫ್‌ಸಿಗೆ (ಫಿಟ್‌ನೆಸ್ ಪ್ರಮಾಣಪತ್ರಕ್ಕೆ) ಹೋಗುವ ಮುಂಚೆ ಆರ್‌ಟಿಒ ಕಚೇರಿಯಲ್ಲಿ ಕೇಳಿಟ್ಟುಕೊಳ್ಳುವುದು ಒಳ್ಳೆಯದು. ಹೊಸ ಗಾಡಿ ಕೊಳ್ಳುವವರು ಕಂಪನಿಯೇ ಕೊಡುವ ಡಿಫ್ಲೆಕ್ಟರ್ ಇರುವ ಮಾದರಿಯನ್ನು ಕೇಳಿದರೆ ಈ ಗೊಡವೆ ಇರುವುದಿಲ್ಲ; ಅದರಲ್ಲೂ ಓರೆ ಬದಲಿಸಲು ಬರುತ್ತದೆಯೇ ಎಂದು ನೋಡಿಯೇ ಒಪ್ಪಬೇಕು, ಏಕೆಂದರೆ ಪೆಟ್ಟಿಗೆ ಕಟ್ಟುವವರು ಬೇರೆಯವರು.

ಯಾರಿಗೆ ಇದು ಬೇಡ ಎಂಬುದನ್ನೂ ಸ್ಪಷ್ಟವಾಗಿ ಹೇಳಬಹುದು. ಬಳ್ಳಾರಿ, ಸಂಡೂರಿನ ಅದಿರು ರಸ್ತೆಯಲ್ಲಿ 28 ಟನ್ ತೂಗುತ್ತ 40ರಲ್ಲಿ ಹೋಗುವ ಟಿಪ್ಪರಿಗೆ ಟೈರಿನ ತಡೆಯೇ 200 ಕೆ.ಜಿ. ದಾಟುತ್ತದೆ, ಗಾಳಿಯದು ಅದರ ಕಾಲುಭಾಗವೂ ಇರುವುದಿಲ್ಲ. ಅಲ್ಲಿ ಡಿಫ್ಲೆಕ್ಟರ್ ಅಲಂಕಾರವಷ್ಟೇ. ಪೇಟೆಯೊಳಗೆ ತರಕಾರಿ ಹೊರುವ ಪಿಕಪ್ಪಿಗೂ ಹಾಗೆಯೇ. ಪೆಟ್ಟಿಗೆ ಕ್ಯಾಬಿನ್ನಿಗಿಂತ ಎತ್ತರವಿಲ್ಲದ ತೆರೆದ ಲಾರಿಗೆ ಹಾಕಿಸಿದರೆ ಡೀಸೆಲ್ ಹೆಚ್ಚೇ ಸುಡುತ್ತದೆ. ಅಂಥ ಗಾಡಿಯವರು ತಾಡಪಾಲನ್ನು ಬಿಗಿಯಾಗಿ ಎಳೆದು ಕಟ್ಟಿದರೆ ಸಾಕು. ಖಾಲಿ ಬರುವ ಕಂಟೇನರ್ ಗಾಡಿಗೆ ಮಾತ್ರ ಶೇಕಡಾವಾರು ಲಾಭ ಲೋಡಿಗಿಂತ ಹೆಚ್ಚು, ಏಕೆಂದರೆ ತೂಕ ಇಳಿದಾಗ ಟೈರಿನ ತಡೆ ಇಳಿಯುತ್ತದೆ, ಗಾಳಿಯದು ಇಳಿಯುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಅಂಕಿಯನ್ನು ಪಕ್ಕದಲ್ಲಿ ಇಡಲೇಬೇಕು. 80ರಲ್ಲಿ ಹೋಗುವ ಗಾಡಿಯನ್ನು 65ಕ್ಕೆ ಇಳಿಸಿದರೆ ಎಳೆಯಲು ಬೇಕಾಗುವ ಬಲ 310 ಕೆ.ಜಿ.ಯಿಂದ 240ಕ್ಕೆ ಬರುತ್ತದೆ, ಅಂದರೆ ಐದರಲ್ಲೊಂದು ಪಾಲಿಗೂ ಹೆಚ್ಚಿನ ಉಳಿತಾಯ, ಒಂದು ಬೋಲ್ಟೂ ಖರ್ಚಿಲ್ಲದೆ. ಕೊಟ್ಟ ಸಮಯಕ್ಕೆ ಮುಟ್ಟದಿದ್ದರೆ ಬಾಡಿಗೆಯಲ್ಲೇ ಕಡಿತ ಮಾಡುವ ಪಾರ್ಸೆಲ್ ಒಪ್ಪಂದಗಳಲ್ಲಿ ಆ ಸ್ವಾತಂತ್ರ್ಯ ನಮಗೆ ಯಾವಾಗಲೂ ಇರುವುದಿಲ್ಲ. ಹುಬ್ಬಳ್ಳಿಯಿಂದ ಬೆಂಗಳೂರಿನವರೆಗಿನ 400 ಕಿ.ಮೀ. ದಾರಿಯಲ್ಲಿ ಆ 15 ಕಿ.ಮೀ. ವ್ಯತ್ಯಾಸ ಒಂದು ಗಂಟೆಗೂ ಹೆಚ್ಚು ತಿನ್ನುತ್ತದೆ. ಸಮಯ ಇರುವ ರಿಟರ್ನ್ ಲೋಡಿನಲ್ಲಿ ಮಾತ್ರ 65 ದಾಟಬಾರದೆಂದು ಚಾಲಕರಿಗೆ ಹೇಳಿ, ಉಳಿದ ಡೀಸೆಲ್ಲಿನಲ್ಲಿ ಅವರಿಗೂ ಪಾಲು ಕೊಡುತ್ತಿದ್ದೇವೆ.

ಎರಡನೆಯ ಗಾಡಿಗೂ ಈಗ ಅದೇ ಶೆಡ್ಡಿನಲ್ಲಿ ಡಿಫ್ಲೆಕ್ಟರ್ ಮತ್ತು ರೆಕ್ಕೆಗಳಿಗೆ ಮಾತ್ರ ಆರ್ಡರ್ ಕೊಟ್ಟಿದ್ದೇವೆ, ಕೆಳಗಿನ ಹಲಗೆ ಬೇಡವೆಂದಿದ್ದೇವೆ. ಉದ್ದ ತೂತಿನ ಬ್ರಾಕೆಟ್ಟನ್ನು ಅವರೇ ಗ್ಯಾಲ್ವನೈಸ್ ಮಾಡಿಸಿ ಕೊಡಲು ಒಪ್ಪಿದ್ದಾರೆ, ಅದಕ್ಕೆ ಬೇರೆ ಹಣ ಕೇಳಿಲ್ಲ.